ಮಕ್ಕಳ ಮತ್ತು ಹದಿಹರೆಯದವರ ಆಟ ಚಿಕಿತ್ಸಕರ ವಿದ್ಯಾರ್ಹತೆ ಹಾಗೂ ತರಬೇತಿ: ಪೋಷಕರ ಗಮನಕ್ಕೆ

ಆಟ ಚಿಕಿತ್ಸೆ ಎಂದರೇನು?
ಭಯ, ದುಃಖ, ಅಗಲಿಕೆ ಮೊದಲಾದವುಗಳನ್ನು ಮಾತಿನಲ್ಲಿ ಹೇಳಲಾರದ ಮಗು ಅವನ್ನು ಆಟದಲ್ಲಿ ವ್ಯಕ್ತಪಡಿಸುತ್ತದೆ. ಗೊಂಬೆ, ಮರಳು, ಜೇಡಿಮಣ್ಣು, ಬಣ್ಣ, ಅಡುಗೆ ಆಟದ ಸಾಮಾನುಗಳ ಮೂಲಕ ಮಗುವಿನ ಮನಸ್ಸನ್ನು ಅರಿತು ನೆರವಾಗುವ ಕ್ರಮವೇ ಆಟ ಚಿಕಿತ್ಸೆ. ಮಗುವೇ ಆಟವನ್ನು ಮುನ್ನಡೆಸುವ ಪದ್ಧತಿಯನ್ನು ಅಮೆರಿಕದ ವರ್ಜೀನಿಯಾ ಆಕ್ಸ್‌ಲೈನ್ ಅವರು 1947ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಹದಿಹರೆಯದವರೊಂದಿಗೆ ಚಿತ್ರ, ಕಥೆ ಹಾಗೂ ಪಾತ್ರಾಭಿನಯಗಳನ್ನು ಬಳಸಲಾಗುತ್ತದೆ.

ಮೂಲ ವಿದ್ಯಾರ್ಹತೆ
2017ರ ಮಾನಸಿಕ ಆರೋಗ್ಯ ಪಾಲನೆ ಅಧಿನಿಯಮವು ಮನೋವೈದ್ಯರು, ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಹಾಗೂ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಯಾರೆಂಬುದನ್ನು ವ್ಯಾಖ್ಯಾನಿಸಿದೆ. ಆಟ ಚಿಕಿತ್ಸಕರೆಂಬ ಪ್ರತ್ಯೇಕ ವ್ಯಾಖ್ಯಾನ ಅದರಲ್ಲಿ ಇರುವುದಿಲ್ಲ. ಆದುದರಿಂದ ಕೆಲವೇ ದಿನಗಳ ಶಿಬಿರದಲ್ಲಿ ಭಾಗವಹಿಸಿದವರೂ ಈ ಹೆಸರನ್ನು ಬಳಸುವ ಸಾಧ್ಯತೆ ಇದೆ. ನಾಮಫಲಕಕ್ಕಿಂತ ಮೂಲ ವಿದ್ಯಾರ್ಹತೆಯೇ ಮುಖ್ಯವೆಂಬುದನ್ನು ಪೋಷಕರು ಗಮನಿಸತಕ್ಕದ್ದು. ಚಿಕಿತ್ಸಾ ಮನಶ್ಶಾಸ್ತ್ರಜ್ಞರಾದಲ್ಲಿ, ಅವರ ಹೆಸರು ಭಾರತೀಯ ಪುನರ್ವಸತಿ ಪರಿಷತ್ತಿನ ಕೇಂದ್ರೀಯ ಪುನರ್ವಸತಿ ನೋಂದಣಿ ಪುಸ್ತಕದಲ್ಲಿ ಇದೆಯೇ ಎಂದು ಪರಿಶೀಲಿಸಬಹುದು.

ತರಬೇತಿಯಲ್ಲಿ ಇರಬೇಕಾದ ಅಂಶಗಳು
1. ಮಕ್ಕಳ ಬೆಳವಣಿಗೆಯ ಹಂತಗಳು, ಬಾಂಧವ್ಯ ಹಾಗೂ ಆಘಾತದ ಪರಿಣಾಮಗಳ ಅಧ್ಯಯನ.
2. ಆಟದ ಮೂಲಕ ಚಿಕಿತ್ಸೆ ನೀಡುವ ಪ್ರಾಯೋಗಿಕ ಅಭ್ಯಾಸ.
3. ಅನುಭವಿ ತಜ್ಞರ ಮೇಲ್ವಿಚಾರಣೆಯಲ್ಲಿ ಮಕ್ಕಳೊಂದಿಗೆ ಕೆಲಸ.
4. ಪೋಷಕರು ಹಾಗೂ ಶಿಕ್ಷಕರೊಡನೆ ಸಮಾಲೋಚನೆ.
5. ಗೋಪ್ಯತೆ ಮತ್ತು ಮಕ್ಕಳ ರಕ್ಷಣೆಗೆ ಸಂಬಂಧಿಸಿದ ಕಾನೂನುಗಳ ಅರಿವು.

ಇವುಗಳಲ್ಲಿ ಮೂರನೆಯದು ಅತಿ ಮುಖ್ಯ. ಮಗುವಿನ ಒಂದು ಆಟವನ್ನೋ ಚಿತ್ರವನ್ನೋ ನೋಡಿ ಆತುರದ ತೀರ್ಮಾನಕ್ಕೆ ಬರುವುದು ಮಗುವಿಗೂ ಕುಟುಂಬಕ್ಕೂ ಹಾನಿಕರ. ಇಂತಹ ತಪ್ಪನ್ನು ತಿದ್ದುವುದೇ ಮೇಲ್ವಿಚಾರಣೆಯ ಉದ್ದೇಶ.

ಗೋಪ್ಯತೆಯ ಮಿತಿ
ಮಗು ಹೇಳಿದ್ದೆಲ್ಲವನ್ನೂ ಚಿಕಿತ್ಸಕರು ಪೋಷಕರಿಗೆ ತಿಳಿಸುವುದಿಲ್ಲ. ಆದರೆ ಲೈಂಗಿಕ ದೌರ್ಜನ್ಯದ ವಿಷಯ ತಿಳಿದುಬಂದಲ್ಲಿ, 2012ರ ಪೋಕ್ಸೊ ಕಾಯ್ದೆಯ 19ನೇ ಪ್ರಕರಣದಂತೆ ಪೊಲೀಸರಿಗೆ ವರದಿ ಮಾಡುವುದು ಕಡ್ಡಾಯ. "ಯಾರಿಗೂ ಏನೂ ಹೇಳುವುದಿಲ್ಲ" ಎಂದು ಮಗುವಿಗೆ ಭರವಸೆ ನೀಡುವುದು ಸರಿಯಾದ ಕ್ರಮವಲ್ಲ.

ಪೋಷಕರು ಕೇಳಬಹುದಾದ ಪ್ರಶ್ನೆಗಳು
1. ತಮ್ಮ ಮೂಲ ಪದವಿ ಮತ್ತು ನೋಂದಣಿ ಸಂಖ್ಯೆ ಯಾವುದು?
2. ಆಟ ಚಿಕಿತ್ಸೆಯ ತರಬೇತಿಯನ್ನು ಎಲ್ಲಿ, ಎಷ್ಟು ಅವಧಿಗೆ ಪಡೆದಿದ್ದೀರಿ?
3. ಪ್ರಸ್ತುತ ತಮ್ಮ ಕೆಲಸದ ಮೇಲ್ವಿಚಾರಕರು ಯಾರು?
4. ಮಗುವಿನ ಪ್ರಗತಿಯನ್ನು ನಮಗೆ ಯಾವಾಗ, ಹೇಗೆ ತಿಳಿಸುವಿರಿ?

ಈ ಪ್ರಶ್ನೆಗಳನ್ನು ಕೇಳಲು ಸಂಕೋಚಪಡಬೇಕಾಗಿಲ್ಲ. ತರಬೇತಿ ಪಡೆದವರು ಇವುಗಳಿಗೆ ಸ್ಪಷ್ಟವಾಗಿ ಉತ್ತರಿಸುತ್ತಾರೆ.

ಸಂಪರ್ಕ
ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗವಿದೆ. ಮಾನಸಿಕ ಆರೋಗ್ಯ ಸಲಹೆಗಾಗಿ ಟೆಲಿ ಮನಸ್ ಉಚಿತ ದೂರವಾಣಿ 14416ಕ್ಕೆ, ಮಗುವು ಅಪಾಯದಲ್ಲಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.