ಹಳೆಯ ಕಂಪ್ಯೂಟರಿಗೆ ಹೊಸ ಮುಖ ಬೇಕೆ?

ಚನ್ನಗಿರಿಯ ಡಿಟಿಪಿ ಅಂಗಡಿಯಿರಲಿ, ಜಗಳೂರಿನ ಶಾಲೆಯ ಕಂಪ್ಯೂಟರ್ ಕೊಠಡಿಯಿರಲಿ, ಹತ್ತು ಹನ್ನೆರಡು ವರ್ಷ ದುಡಿದ ಯಂತ್ರಗಳು ಅಪರೂಪವೇನಲ್ಲ. ಅವನ್ನು ಇಟ್ಟುಕೊಂಡವರಿಗೆ ಈಗ ಒಂದು ಚಿಂತೆ ಶುರುವಾಗಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಕೇಳುವ ಪ್ರೊಸೆಸರ್ ಇಷ್ಟು ಹಳೆಯ ಯಂತ್ರಗಳಲ್ಲಿ ಇಲ್ಲ. ಹಾಗಾದರೆ ಗುಜರಿಗೆ ಹಾಕುವುದೇ? ಬೇಕಿಲ್ಲ. ಉಚಿತವಾಗಿ ಸಿಗುವ ಹಗುರ ಲಿನಕ್ಸ್ ಹಾಕಿಕೊಂಡು ಇನ್ನೂ ಕೆಲವು ವರ್ಷ ದುಡಿಸಬಹುದು.

ಆದರೆ ಕಷ್ಟಪಟ್ಟು ಒಂದು ವ್ಯವಸ್ಥೆಗೆ ಒಗ್ಗಿಕೊಂಡ ಮೇಲೆ, ಅದನ್ನು ತಯಾರಿಸುವವರು ಪರದೆಯ ರೂಪವನ್ನೇ ಬದಲಾಯಿಸಿಬಿಟ್ಟರೆ? ಹಾಗೆ ಬದಲಾಯಿಸುವುದು ಸರಿಯೇ? ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

ಹೊಲ ಮತ್ತು ಕಚೇರಿ

ನ್ಯಾಮತಿ ಮೊದಲು ಹೊನ್ನಾಳಿ ತಾಲ್ಲೂಕಿನ ಭಾಗವಾಗಿತ್ತು. ಅದು ಪ್ರತ್ಯೇಕ ತಾಲ್ಲೂಕಾದಾಗ ರೈತರ ಹೊಲ ಇದ್ದಲ್ಲಿಂದ ಕದಲಲಿಲ್ಲ. ಬದಲಾದದ್ದು ಕಾಗದ ಪತ್ರಕ್ಕಾಗಿ ಅವರು ಹೋಗಿ ನಿಲ್ಲಬೇಕಾದ ಕಚೇರಿ. ಕಂಪ್ಯೂಟರಿನಲ್ಲೂ ಹೀಗೆಯೇ. ಯಂತ್ರವನ್ನು ನಡೆಸುವ ಒಳಗಿನ ತಿರುಳು ಲಿನಕ್ಸ್. ನಿಮ್ಮ ಕಡತಗಳು ನಿಮ್ಮ ಹೊಲ. ಮೆನು, ಕೆಳಗಿನ ಪಟ್ಟಿ, ಕಡತ ತೆರೆಯುವ ಕಿಟಕಿ, ಇವೆಲ್ಲ ಸೇರಿದ ‘ಡೆಸ್ಕ್‌ಟಾಪ್’ ಎಂಬುದು ಕಚೇರಿ. ತಿರುಳು, ಡೆಸ್ಕ್‌ಟಾಪ್ ಮತ್ತು ಬೇಕಾದ ತಂತ್ರಾಂಶಗಳನ್ನು ಒಟ್ಟುಗೂಡಿಸಿ ಹಂಚುವ ಕಟ್ಟನ್ನು ‘ಡಿಸ್ಟ್ರಿಬ್ಯೂಷನ್’ ಎನ್ನುತ್ತಾರೆ.

ಲುಬುಂಟು ಮಾಡಿದ್ದೇನು?

ಉಬುಂಟುವಿನ ಹಗುರ ರೂಪವಾದ ಲುಬುಂಟು ಇದಕ್ಕೆ ಒಳ್ಳೆಯ ಉದಾಹರಣೆ. 2011ರಲ್ಲಿ ಉಬುಂಟು ಕುಟುಂಬದ ಅಧಿಕೃತ ಸದಸ್ಯನಾದ ಇದರಲ್ಲಿ ಆಗ ಇದ್ದದ್ದು ಎಲ್‌ಎಕ್ಸ್‌ಡಿಇ ಎಂಬ ಡೆಸ್ಕ್‌ಟಾಪ್. ಅದನ್ನು 2006ರಲ್ಲಿ ಆರಂಭಿಸಿದವರು ತೈವಾನಿನ ಹಾಂಗ್ ಜೆನ್ ಯೀ. ಪರದೆಯ ಮೇಲಿನ ಗುಂಡಿ, ಕಿಟಕಿಗಳನ್ನು ಕಟ್ಟಿಕೊಡುವ ಜಿಟಿಕೆ 2 ಎಂಬ ಸಲಕರಣೆ ಅದರ ಬುನಾದಿ. ಕಾಲಕ್ರಮದಲ್ಲಿ ಈ ಬುನಾದಿ ಹಳತಾಯಿತು. ಮುಂದಿನ ಆವೃತ್ತಿ ಜಿಟಿಕೆ 3ರ ಬಗ್ಗೆ ಅವರಿಗೆ ತೃಪ್ತಿ ಇರಲಿಲ್ಲ. 2013ರಲ್ಲಿ ಅವರು ಕ್ಯೂಟಿ ಎಂಬ ಬೇರೊಂದು ಸಲಕರಣೆಯತ್ತ ಹೊರಳಿದರು. ರೇಜರ್ ಕ್ಯೂಟಿ ಎಂಬ ಇನ್ನೊಂದು ಯೋಜನೆಯವರೂ ಕೈಜೋಡಿಸಿದರು. ಹೀಗೆ ಎಲ್‌ಎಕ್ಸ್‌ಕ್ಯೂಟಿ ಹುಟ್ಟಿ, 2014ರಲ್ಲಿ ಮೊದಲ ಬಾರಿಗೆ ಬಿಡುಗಡೆಯಾಯಿತು.

ಲುಬುಂಟು ತಂಡ ಅವಸರ ಮಾಡಲಿಲ್ಲ. ದೀರ್ಘ ಬೆಂಬಲದ 18.04 ಆವೃತ್ತಿಯಲ್ಲಿ ಹಳೆಯ ಡೆಸ್ಕ್‌ಟಾಪನ್ನೇ ಉಳಿಸಿಕೊಂಡಿತು. ಅದರ ಬೆನ್ನಿಗೇ, 2018ರ ಅಕ್ಟೋಬರಿನ 18.10ರಲ್ಲಿ ಹೊಸದಕ್ಕೆ ಬದಲಾಯಿತು. ಬದಲಾವಣೆ ಒಲ್ಲದವರಿಗೆ 2021ರ ಏಪ್ರಿಲ್‌ವರೆಗೆ ಕಾಲಾವಕಾಶ ಸಿಕ್ಕಿತು. 2020ರ ಡಿಸೆಂಬರಿನಲ್ಲಿ ಜಿಟಿಕೆ 4 ಬಂದಾಗ ಜಿಟಿಕೆ 2ರ ಆಯುಷ್ಯ ಅಧಿಕೃತವಾಗಿ ಮುಗಿಯಿತು. ಅಂದರೆ ಬುನಾದಿ ಕುಸಿಯುವ ಮೊದಲೇ ಮನೆ ಬದಲಾಯಿಸಿದಂತಾಯಿತು.

ಇನ್ನೊಂದು ದಾರಿಯೂ ಇತ್ತು. ಝುಬುಂಟುವಿನಲ್ಲಿರುವ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ತನ್ನ ರೂಪವನ್ನು ಉಳಿಸಿಕೊಂಡೇ ಒಳಗಿನ ತೊಲೆಗಳನ್ನು ಒಂದೊಂದಾಗಿ ಬದಲಿಸಿತು, 2019ರ 4.14 ಆವೃತ್ತಿಯ ಹೊತ್ತಿಗೆ ಜಿಟಿಕೆ 3ಕ್ಕೆ ಬಂದು ಸೇರಿತು. ಇದಕ್ಕೆ ವರ್ಷಗಳೇ ಹಿಡಿದವು. ಆದರೆ ಬಳಸುವವರು ಹೊಸದಾಗಿ ಕಲಿಯಬೇಕಾದದ್ದು ಕಡಿಮೆ.

ಬೆಲೆ ತೆರುವವರು ಯಾರು?

ಲುಬುಂಟುವಿನ ಬದಲಾವಣೆಗೆ ಬಳಕೆದಾರರು ಬೆಲೆ ತೆರಲೇಬೇಕಾಯಿತು. 18.04 ಅಥವಾ ಅದಕ್ಕಿಂತ ಹಿಂದಿನ ಆವೃತ್ತಿಯಿಂದ ನೇರವಾಗಿ ಮೇಲಕ್ಕೆ ಹೋಗುವುದಕ್ಕೆ ಬೆಂಬಲವಿಲ್ಲ, ಹೊಸದಾಗಿ ಸ್ಥಾಪಿಸಿಕೊಳ್ಳಿ ಎಂದು ತಂಡವೇ ಹೇಳಿತು. ಮನೆಯಲ್ಲಿ ಒಂದು ಯಂತ್ರವಿದ್ದವರಿಗೆ ಇದು ಒಂದು ಮಧ್ಯಾಹ್ನದ ಕೆಲಸ. ಇಪ್ಪತ್ತು ಯಂತ್ರಗಳಿರುವ ಶಾಲೆಗೆ, ಅದರಲ್ಲೂ ಕಂಪ್ಯೂಟರ್ ಬಲ್ಲ ಶಿಕ್ಷಕರು ಒಬ್ಬರೇ ಇರುವಲ್ಲಿ, ಇದು ವಾರಗಳ ಕೆಲಸ. ಜೊತೆಗೆ ಮಕ್ಕಳಿಗೆ ಬರೆಸಿದ ಟಿಪ್ಪಣಿಗಳಲ್ಲಿನ ‘ಇಲ್ಲಿ ಒತ್ತಿ, ಅಲ್ಲಿ ಒತ್ತಿ’ ಎಂಬ ಸೂಚನೆಗಳೂ ಕೆಲಸಕ್ಕೆ ಬಾರದಾಗುತ್ತವೆ.

ಕನ್ನಡಿಗರಿಗೆ ಮತ್ತೊಂದು ತೊಡಕು ಉಂಟು. ಲಿನಕ್ಸಿನಲ್ಲಿ ಕನ್ನಡ ಕೀಲಿಕೆಲಸವನ್ನು ಐಬಸ್‌ನಂಥ ತಂತ್ರಾಂಶ ನೋಡಿಕೊಳ್ಳುತ್ತದೆ. ನುಡಿ ವಿನ್ಯಾಸವೂ, ಇನ್‌ಸ್ಕ್ರಿಪ್ಟ್ ವಿನ್ಯಾಸವೂ ಅದರಲ್ಲಿ ಸಿಗುತ್ತವೆ. ಆದರೆ ಜಿಟಿಕೆ ಮತ್ತು ಕ್ಯೂಟಿ ತಂತ್ರಾಂಶಗಳಿಗೆ ಅದನ್ನು ಬೇರೆ ಬೇರೆಯಾಗಿ ಪರಿಚಯಿಸಬೇಕಾಗುತ್ತದೆ. ಇದು ತಪ್ಪಿದರೆ ಒಂದು ಕಿಟಕಿಯಲ್ಲಿ ಕನ್ನಡ ಮೂಡಿ, ಪಕ್ಕದ ಕಿಟಕಿಯಲ್ಲಿ ಇಂಗ್ಲಿಷೇ ಮೂಡುತ್ತದೆ. ಯಂತ್ರ ಕೆಟ್ಟಿತೆಂದು ಗಾಬರಿಯಾಗಬೇಡಿ. ಆ ಪರಿಚಯ ಆಗಿಲ್ಲ, ಅಷ್ಟೇ.

ವೇಗದ ಮಾತು

ಡೆಸ್ಕ್‌ಟಾಪ್ ಬದಲಾದರೆ ಯಂತ್ರ ನಿಧಾನವಾಗುತ್ತದೆ ಎಂಬ ಅಂಜಿಕೆ ಅನೇಕರಲ್ಲಿದೆ. ಹಗುರ ಡೆಸ್ಕ್‌ಟಾಪುಗಳ ನಡುವಿನ ಅಂತರ ಬಹಳ ಚಿಕ್ಕದು. ನಾಲ್ಕಾರು ಜಾಲತಾಣಗಳನ್ನು ತೆರೆದಿಟ್ಟ ಬ್ರೌಸರ್ ಒಂದೇ, ಡೆಸ್ಕ್‌ಟಾಪಿಗಿಂತ ಎಷ್ಟೋ ಹೆಚ್ಚು ಮೆಮೊರಿ ನುಂಗುತ್ತದೆ. 2 ಜಿಬಿ ಮೆಮೊರಿಯನ್ನು 4 ಜಿಬಿಗೆ ಏರಿಸುವುದು, ತಿರುಗುವ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸುವುದು, ಇವುಗಳಿಂದ ಸಿಗುವ ವೇಗ ಡೆಸ್ಕ್‌ಟಾಪಿನ ಆಯ್ಕೆಯಿಂದ ಸಿಗುವುದಿಲ್ಲ. ತೀರಾ ಹಳೆಯ 32 ಬಿಟ್ ಯಂತ್ರಗಳ ಮಾತೇ ಬೇರೆ. ಲುಬುಂಟು 19.04ರಿಂದ ಅವುಗಳನ್ನು ಕೈಬಿಟ್ಟಿದೆ. ಅದಕ್ಕೂ ಡೆಸ್ಕ್‌ಟಾಪಿಗೂ ಸಂಬಂಧವಿಲ್ಲ.

ಹಾಗಾದರೆ ಬದಲಾಯಿಸಬೇಕೆ?

ಅಂದಕ್ಕಾಗಿ, ಹೊಸತನದ ಹಂಬಲಕ್ಕಾಗಿ ಬದಲಾಯಿಸುವುದು ಬೇಡ. ಬುನಾದಿಯನ್ನು ದುರಸ್ತಿ ಮಾಡುವವರೇ ಇಲ್ಲವೆಂದಾದಾಗ ಬದಲಾಯಿಸದೆ ಗತಿಯಿಲ್ಲ. ರಿಪೇರಿ ಇಲ್ಲದ ತಂತ್ರಾಂಶ ಇಂದಲ್ಲ ನಾಳೆ ತೊಂದರೆ ಕೊಡುತ್ತದೆ. ಆದರೆ ಮುಂಚಿತವಾಗಿ ತಿಳಿಸಿ, ಹಳೆಯದಕ್ಕೆ ಎರಡು ಮೂರು ವರ್ಷ ಬೆಂಬಲ ಉಳಿಸಿ ಬದಲಾಯಿಸಬೇಕು. ಲುಬುಂಟು ಆ ಮಟ್ಟಿಗೆ ಸರಿಯಾಗಿ ನಡೆದುಕೊಂಡಿತು. ನೇರ ದಾರಿಯೊಂದನ್ನು ಒದಗಿಸದೇ ಹೋದದ್ದು ಅದರ ಕೊರತೆ.

ನೀವು ಮಾಡಬೇಕಾದದ್ದು ಇಷ್ಟು. ಕಡತಗಳ ಪ್ರತಿಯೊಂದನ್ನು ಬೇರೆ ಡಿಸ್ಕಿನಲ್ಲಿ ಇಡಿ. ದೀರ್ಘ ಬೆಂಬಲದ ಆವೃತ್ತಿಯನ್ನೇ ಆರಿಸಿ. ಸ್ಥಾಪಿಸುವ ಮೊದಲು ಪೆನ್ ಡ್ರೈವ್‌ನಿಂದ ನಡೆಸಿ, ನಿಮ್ಮ ಪ್ರಿಂಟರ್ ಕೆಲಸ ಮಾಡುತ್ತದೆಯೇ, ಕನ್ನಡ ಮೂಡುತ್ತದೆಯೇ ನೋಡಿ. ಶಾಲೆಯಾದರೆ ಮೊದಲು ಒಂದೇ ಯಂತ್ರಕ್ಕೆ ಹಾಕಿ ಒಂದು ತಿಂಗಳು ಬಳಸಿ, ಉಳಿದವನ್ನು ರಜೆಯಲ್ಲಿ ಮಾಡಿ. ಮೆನು ಎಲ್ಲಿದೆ ಎಂದು ಮಕ್ಕಳು ಅರ್ಧ ದಿನದಲ್ಲಿ ಕಂಡುಕೊಳ್ಳುತ್ತಾರೆ. ಕಳೆದುಹೋದ ಕಡತವನ್ನು ಮಾತ್ರ ಯಾವ ಡೆಸ್ಕ್‌ಟಾಪೂ ಹುಡುಕಿಕೊಡಲಾರದು.