ಮೂರು ನಿಮಿಷಕ್ಕೆ ಐವತ್ತು ಅಂಕ

ಎಂಜಿನಿಯರಿಂಗ್ ಸೀಟಿಗೆ ಸಂದರ್ಶನವೇ? ಇಂದಿನ ಪಿಯುಸಿ ಮಕ್ಕಳಿಗೆ ನಗು ಬಂದೀತು. ಅವರ ತಾತಂದಿರ ಕಾಲದಲ್ಲಿ ಅದು ನಗುವ ಮಾತಾಗಿರಲಿಲ್ಲ.

1963ರಲ್ಲಿ ಮೈಸೂರು ಸರ್ಕಾರ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳ ಪ್ರವೇಶಕ್ಕೆ ಸಂದರ್ಶನ ಗೊತ್ತುಮಾಡಿತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇ 25ರಷ್ಟು ಅಂಕ ಆಯ್ಕೆ ಸಮಿತಿಯ ಕೈಯಲ್ಲಿ. ಅಳೆಯಬೇಕಾದದ್ದು ಸಾಮಾನ್ಯ ಜ್ಞಾನ, ಅಭಿರುಚಿ ಮತ್ತು ವ್ಯಕ್ತಿತ್ವ, ಹಿಂದಿನ ಓದಿನ ಸಾಧನೆ, ಎನ್‌ಸಿಸಿ; ಜೊತೆಗೆ ಆಟೋಟ, ಸಮಾಜಸೇವೆ, ಚರ್ಚಾಸ್ಪರ್ಧೆ, ನಾಟಕ. ಅಂದರೆ ಭೌತಶಾಸ್ತ್ರದ ನೋಟ್ಸ್ ಉರುಹೊಡೆದರಷ್ಟೇ ಸಾಲದು, ಸರ್ಟಿಫಿಕೇಟುಗಳನ್ನೂ ಕೂಡಿಡಬೇಕು. ಇನ್ನು ವ್ಯಕ್ತಿತ್ವಕ್ಕೆ ಯಾವ ಗೈಡು ಓದುವುದು?

ವಿವಾದ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಆರ್. ಚಿತ್ರಲೇಖಾ ಪ್ರಕರಣವನ್ನು ಇಂದು ಹೆಚ್ಚಾಗಿ ನೆನೆಯುವುದು ಹಿಂದುಳಿದಿರುವಿಕೆಗೆ ಜಾತಿಯೊಂದೇ ಅಳತೆಗೋಲೇ ಎಂಬ ಚರ್ಚೆಗಾಗಿ. ಸಂದರ್ಶನದ ಪ್ರಶ್ನೆಯೂ ಅದರಲ್ಲೇ ಇತ್ತು. ಐವರ ಪೀಠ 1964ರ ಜನವರಿಯಲ್ಲಿ ಬಹುಮತದಿಂದ ಸಂದರ್ಶನ ಪದ್ಧತಿಯನ್ನು ಎತ್ತಿಹಿಡಿಯಿತು: ದುರ್ಬಳಕೆ ಆಗಬಹುದು ಎಂಬ ಕಾರಣಕ್ಕೆ ಪದ್ಧತಿಯೇ ಕೆಟ್ಟದ್ದಾಗುವುದಿಲ್ಲ.

ಆದರೆ ಆ ಅನುಮಾನ ಸಾಯಲಿಲ್ಲ.

ಶ್ರೀನಗರದ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನಲ್ಲಿ ಲಿಖಿತ ಪರೀಕ್ಷೆಗೆ 100 ಅಂಕ, ಮೌಖಿಕಕ್ಕೆ 50. ಒಬ್ಬೊಬ್ಬರ ಸಂದರ್ಶನ ಎರಡು ಮೂರು ನಿಮಿಷದಲ್ಲಿ ಮುಗಿಯುತ್ತಿತ್ತು, ಕೇಳಿದ್ದು ಹೆತ್ತವರು ಯಾರು, ಮನೆ ಎಲ್ಲಿ ಎಂಬಂಥ ಪ್ರಶ್ನೆ ಎಂದು ಅಭ್ಯರ್ಥಿಗಳಾದ ಅಜಯ್ ಹಾಸಿಯಾ ಮತ್ತಿತರರು ಸುಪ್ರೀಂ ಕೋರ್ಟಿಗೆ ದೂರಿದರು. 1980ರ ನವೆಂಬರಿನಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಬರೆದ ತೀರ್ಪು, ಒಟ್ಟು ಅಂಕದಲ್ಲಿ ಮೂರನೇ ಒಂದು ಭಾಗವನ್ನು ಮಾತಿಗೆ ಮೀಸಲಿಡುವುದು ಸ್ವೇಚ್ಛಾಚಾರ ಎಂದಿತು. ಶೇ 15ಕ್ಕಿಂತ ಹೆಚ್ಚು ಕೂಡದು. ಸಂದರ್ಶನವನ್ನು ಟೇಪಿನಲ್ಲಿ ದಾಖಲಿಸುವುದೂ ಒಳ್ಳೆಯದು ಎಂಬ ಸಲಹೆ ಬೇರೆ.

1994ರಲ್ಲಿ ಕರ್ನಾಟಕವು ಸಾಮಾನ್ಯ ಪ್ರವೇಶ ಪರೀಕ್ಷೆಗೆಂದೇ ಸಿಇಟಿ ಘಟಕ ತೆರೆಯಿತು. ಈಗ ತಯಾರಿ ಎಂದರೆ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವುದು, ಗಡಿಯಾರ ನೋಡಿಕೊಂಡು ಉತ್ತರ ಗುರುತಿಸುವುದು. ಕನ್ನಡಿಯೆದುರು ನಿಂತು ಮಾತು ಅಭ್ಯಾಸ ಮಾಡುವ ಹಂಗಿಲ್ಲ. ಸಂದರ್ಶಕರ ಮೇಜು ಹೋದ ಜಾಗಕ್ಕೆ ದಾಖಲಾತಿ ಪರಿಶೀಲನೆ ಬಂದಿದೆ. ಗ್ರಾಮೀಣ ವ್ಯಾಸಂಗ, ಕನ್ನಡ ಮಾಧ್ಯಮದ ಪ್ರಮಾಣಪತ್ರ ಸರಿಯಿದೆಯೇ ಎಂಬುದಷ್ಟೇ ಅಲ್ಲಿನ ಪ್ರಶ್ನೆ.

ಎನ್‌ಸಿಸಿ ಮಾತ್ರ ಇನ್ನೂ ಪಟ್ಟಿಯಲ್ಲಿದೆ, ಕ್ರೀಡೆಯ ಜೊತೆಗೆ, ವಿಶೇಷ ಪ್ರವರ್ಗದ ಕೋಟಾ ಆಗಿ. ನಾಟಕದಲ್ಲಿ ಯಾವ ಪಾತ್ರ ಮಾಡಿದ್ದೆ ಎಂದು ಈಗ ಯಾರೂ ಕೇಳುವುದಿಲ್ಲ.