ಹಿಂದೆ ಬರುವ ಕಾರಿನ ಅರೆನಿದ್ದೆ

ಅಮೆರಿಕದ ಆರಿಜೋನಾ ರಾಜ್ಯದಲ್ಲಿ ಕ್ವಾರ್ಟ್ಸೈಟ್ ಎಂಬುದೊಂದು ಪುಟ್ಟ ಊರು. ಸುತ್ತಲೂ ಮರುಭೂಮಿ. ಚಳಿಗಾಲ ಬಂದಿತೆಂದರೆ ಉತ್ತರದ ಹಿಮದ ಸೀಮೆಗಳಿಂದ ನಿವೃತ್ತ ದಂಪತಿಗಳು ತಂಡೋಪತಂಡವಾಗಿ ಇಲ್ಲಿಗೆ ಇಳಿದುಬರುತ್ತಾರೆ. ಬರುವುದು ಮನೆಯ ಸಮೇತ! ಅಡುಗೆಯ ಮನೆ, ಮಲಗುವ ಕೋಣೆ, ಬಚ್ಚಲು ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡ, ಮೂವತ್ತು ನಲವತ್ತು ಅಡಿ ಉದ್ದದ ಮೋಟಾರು ಮನೆ ಅದು. ಅದರ ಬೆನ್ನಿಗೆ, ಎತ್ತಿನ ಗಾಡಿಯ ಹಿಂದೆ ಕಟ್ಟಿದ ಹಸುವಿನಂತೆ, ನಾಲ್ಕು ಗಾಲಿಗಳ ಮೇಲೂ ಉರುಳುತ್ತ ಒಂದು ಕಾರು. ಒಳಗೆ ನರಪಿಳ್ಳೆಯೂ ಇಲ್ಲ. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗಿಬಂದ ನಮ್ಮ ಹಿರಿಯರಲ್ಲಿ ಕೆಲವರಾದರೂ ಈ ಸೋಜಿಗವನ್ನು ಹೆದ್ದಾರಿಯಲ್ಲಿ ಕಂಡಿರಬಹುದು.

ಆ ಕಾರು ಏತಕ್ಕೆ? ಬೀಡುಬಿಟ್ಟ ಮೇಲೆ ಹಾಲು ತರಕಾರಿಗೆಂದು ಅಷ್ಟು ದೊಡ್ಡ ಮನೆಯನ್ನು ಪೇಟೆಯ ಬೀದಿಗೆ ನುಗ್ಗಿಸುವುದುಂಟೆ? ಅದಕ್ಕೆ. ಇಂಥ ಕಾರನ್ನು ಅಲ್ಲಿಯವರು ವಿನೋದವಾಗಿ ‘ಟೋಡ್’ ಎನ್ನುತ್ತಾರೆ. ಅವರ ಭಾಷೆಯಲ್ಲಿ ‘ಎಳೆಸಿಕೊಂಡದ್ದು’ ಎಂಬ ಪದವನ್ನೂ ‘ನೆಲಗಪ್ಪೆ’ ಎಂಬ ಪದವನ್ನೂ ಉಚ್ಚರಿಸುವ ಬಗೆ ಒಂದೇ.

ಉಕ್ಕಿನ ತೋಳೊಂದನ್ನು ಸಿಕ್ಕಿಸಿ, ರಕ್ಷಣೆಯ ಸರಪಳಿಗಳನ್ನು ಬಿಗಿದುಬಿಟ್ಟರೆ ಮುಗಿಯಿತು ಎಂದು ನೋಡಿದವರಿಗೆ ತೋರಬಹುದು. ಎಲ್ಲ ಕಾರುಗಳೂ ಹೀಗೆ ಎಳೆಸಿಕೊಳ್ಳಲು ತಕ್ಕವಲ್ಲ ಎಂಬುದು ಒಂದು ಮಾತು. ಎಂಜಿನ್ ಓಡದೆ ಗೇರುಗಳಿಗೆ ಎಣ್ಣೆ ಹರಿಯದ ಕಾರುಗಳುಂಟು. ಅವುಗಳ ಗತಿ ಏನಾಗುವುದೆಂದು ತಯಾರಕರ ಕೈಪಿಡಿಯೇ ಎಚ್ಚರಿಸುತ್ತದೆ. ಆದರೆ ತಕ್ಕ ಕಾರನ್ನೇ ಆರಿಸಿದ ಮೇಲೂ ನಿಜವಾದ ತೊಡಕು ಉಳಿದೇ ಇರುತ್ತದೆ. ಅದು ಕಣ್ಣಿಗೆ ಕಾಣದ ವಿದ್ಯುತ್ತಿನದು.

ಮೊದಲು ದೀಪಗಳ ಮಾತು. ಮುಂದಿನ ಚಾಲಕ ಬ್ರೇಕು ಒತ್ತಿದಾಗ, ಎಡಕ್ಕೋ ಬಲಕ್ಕೋ ತಿರುಗುವ ಸೂಚನೆ ಕೊಟ್ಟಾಗ, ಕಟ್ಟಕಡೆಯಲ್ಲಿರುವ ಕಾರಿನ ದೀಪಗಳೂ ಹಾಗೆಯೇ ಬೆಳಗಬೇಕು. ಇದಕ್ಕಾಗಿ ನಾಲ್ಕು ತಂತಿಗಳು ಮೋಟಾರು ಮನೆಯಿಂದ ಕಾರಿಗೆ ಬರುತ್ತವೆ. ಕಂದು ಬಣ್ಣದ್ದು ಹಿಂದೀಪಗಳಿಗೆ, ಹಳದಿಯದು ಎಡಕ್ಕೆ, ಹಸಿರಿನದು ಬಲಕ್ಕೆ, ಬಿಳಿಯದು ವಿದ್ಯುತ್ತು ಮರಳಿಹೋಗುವ ದಾರಿ. ಕಾರಿನಲ್ಲಿ ಲೋಹದ ಮೈಯೇ ಮರಳುವ ದಾರಿಯಲ್ಲವೆ, ಉಕ್ಕಿನ ತೋಳೂ ಲೋಹವೇ ತಾನೆ, ಬಿಳಿಯ ತಂತಿ ಬೇರೆ ಏಕೆ ಎಂದು ಕೇಳುವ ಜಾಣರಿದ್ದಾರೆ. ತೋಳಿನ ಕೀಲುಗಳಲ್ಲಿ ಧೂಳು, ಜಿಡ್ಡು, ತುಕ್ಕು. ಅವನ್ನು ನಂಬಿ ಕುಳಿತರೆ ದೀಪಗಳು ಮಂಕಾಗುತ್ತವೆ, ಎಡಕ್ಕೆ ಸೂಚನೆ ಕೊಟ್ಟರೆ ಬಲಗಡೆಯದೂ ಕಣ್ಣು ಮಿಟುಕಿಸುತ್ತದೆ. ದೀಪ ಹುಚ್ಚಾಟವಾಡಿತೆಂದರೆ ಅನುಭವಿಗಳು ಮೊದಲು ತಡಕುವುದು ಬಿಳಿಯ ತಂತಿಯನ್ನೇ.

ಮುಂದಿನಿಂದ ಬಂದ ವಿದ್ಯುತ್ತನ್ನು ಕಾರಿನ ದೀಪದ ತಂತಿಗೇ ನೇರವಾಗಿ ಸೇರಿಸಿದರೆ ಅದು ದೀಪವನ್ನಷ್ಟೇ ಬೆಳಗಿ ಸುಮ್ಮನಿರುವುದಿಲ್ಲ. ಹಿಂದಕ್ಕೆ ಹರಿದು ಕಾರಿನ ಒಳಗನ್ನೆಲ್ಲ ಹೊಕ್ಕುತ್ತದೆ. ಇಂದಿನ ಕಾರುಗಳ ಒಳಗಿರುವುದು ಸಣ್ಣಪುಟ್ಟ ಗಣಕಯಂತ್ರಗಳು. ಅವಕ್ಕೆ ಇಂಥ ಅತಿಥಿ ಒಗ್ಗುವುದಿಲ್ಲ. ಆದುದರಿಂದ ನಡುವೆ ‘ಡಯೋಡ್’ ಎಂಬ ಬಿಡಿಭಾಗವನ್ನು ಇಡುತ್ತಾರೆ. ಅದು ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ತೂಬಿನ ಒಮ್ಮುಖದ ಕದವಿದ್ದಂತೆ. ಇದೂ ಬೇಡವೆನ್ನುವವರು ಹಿಂದೀಪದ ಗೂಡಿನಲ್ಲೇ ರಂಧ್ರ ಕೊರೆದು ಬೇರೊಂದು ಬಲ್ಬನ್ನು ಕೂರಿಸಿ, ಕಾರಿನ ತಂತಿಗಳನ್ನು ಮುಟ್ಟುವ ಗೋಜಿಗೇ ಹೋಗುವುದಿಲ್ಲ. ಸೊಗಸು ಕೊಂಚ ಕಡಿಮೆಯಾದರೂ ಇದೇ ನೆಮ್ಮದಿಯ ದಾರಿಯೆನ್ನಬೇಕು.

ದೀಪ ಕೆಟ್ಟರೆ ಯಾರಾದರೂ ಕಂಡು ಹೇಳಿಯಾರು. ಬ್ಯಾಟರಿ ಬರಿದಾದರೆ ಹೇಳುವವರಿಲ್ಲ. ಚುಕ್ಕಾಣಿಯ ಚಕ್ರಕ್ಕೆ ಬೀಗ ಬೀಳದಿರಲೆಂದು ಅನೇಕ ಕಾರುಗಳಲ್ಲಿ ಬೀಗದ ಕೈಯನ್ನು ಅರ್ಧ ತಿರುಗಿಸಿ ಬಿಡಬೇಕಾಗುತ್ತದೆ. ಆಗ ಕಾರು ಅರೆನಿದ್ದೆಯಲ್ಲಿರುತ್ತದೆ. ಎಂಜಿನ್ ಸತ್ತಿದೆ, ಆದರೆ ಒಳಗಿನ ಯಂತ್ರಗಳು ಎಚ್ಚತ್ತು ವಿದ್ಯುತ್ತನ್ನು ಹೀರುತ್ತಲೇ ಇರುತ್ತವೆ. ೫೦ ಆಂಪಿಯರ್-ಗಂಟೆಯ ಬ್ಯಾಟರಿಯಿಂದ ೫ ಆಂಪಿಯರ್ ಖರ್ಚಾಗುತ್ತಿದೆ ಎಂದಿಟ್ಟುಕೊಳ್ಳಿ. ೧೦ ಗಂಟೆಗೆ ಎಲ್ಲವೂ ಖಾಲಿ. ಎಂಜಿನ್ ಹೊತ್ತಿಸುವ ಶಕ್ತಿ ಅದಕ್ಕೆ ಎಷ್ಟೋ ಮೊದಲೇ ಉಡುಗಿರುತ್ತದೆ. ಒಂದು ದಿನದ ಪ್ರಯಾಣ ಸಾಕು.

ಇದಕ್ಕೆ ಒಂದೊಂದು ಕಾರಿನ ಕೈಪಿಡಿ ಒಂದೊಂದು ಮದ್ದು ಹೇಳುತ್ತದೆ. ಇಂಥ ಫ್ಯೂಸನ್ನು ಕಿತ್ತಿಡಿ ಎನ್ನುತ್ತದೆ ಒಂದು. ಬ್ಯಾಟರಿಯ ಋಣ ತುದಿಯನ್ನೇ ಬಿಚ್ಚಿ ಎನ್ನುತ್ತದೆ ಇನ್ನೊಂದು. ದಿನವೂ ಬಗ್ಗಿ ಫ್ಯೂಸು ಕೀಳಲಾರದ ವಯಸ್ಸಾದವರು ಅದರ ಬದಲು ಕೈಗೆಟಕುವಲ್ಲಿ ಒಂದು ಸ್ವಿಚ್ಚನ್ನು ಹಾಕಿಸಿಕೊಳ್ಳುವುದುಂಟು. ಇವೆಲ್ಲಕ್ಕಿಂತ ಮೇಲಾದದ್ದು ಮೋಟಾರು ಮನೆಯಿಂದ ಕಾರಿನ ಬ್ಯಾಟರಿಗೆ ಇನ್ನೊಂದು ತಂತಿಯನ್ನೆಳೆದು, ಓಡುತ್ತಿರುವಷ್ಟು ಹೊತ್ತೂ ೧೨ ವೋಲ್ಟಿನ ಆಹಾರವನ್ನು ತುಸುತುಸುವಾಗಿ ಉಣಿಸುವುದು. ಆ ತಂತಿಗೆ ಎರಡು ತುದಿಯಲ್ಲೂ ಫ್ಯೂಸು ಬೇಕು. ಏಕೆಂದರೆ ಎರಡು ತುದಿಯಲ್ಲೂ ಬ್ಯಾಟರಿಯಿದೆ. ನಡುವೆ ತಂತಿ ಸವೆದು ಲೋಹಕ್ಕೆ ತಗುಲಿದರೆ ಬೆಂಕಿ ಎತ್ತ ಕಡೆಯಿಂದಲಾದರೂ ಹೊತ್ತೀತು.

ಬ್ಯಾಟರಿ ಇಳಿದರೆ ಬೀಡು ಸೇರಿದ ಮೇಲೆ ಕಾರು ಹೊರಡದು, ಅಷ್ಟೇ ತಾನೆ ಎನ್ನಬಹುದು. ಅಷ್ಟೇ ಅಲ್ಲ. ಹಿಂದೆ ಬರುವ ಕಾರಿಗೂ ಅದರದೇ ಬ್ರೇಕು ಬೀಳುವಂಥ ಉಪಕರಣವನ್ನು ಇಡುತ್ತಾರೆ. ಇಂತಿಷ್ಟು ತೂಕಕ್ಕೆ ಮೀರಿದರೆ ಅದು ಕಡ್ಡಾಯವೆಂದು ಅಲ್ಲಿಯ ಅನೇಕ ರಾಜ್ಯಗಳ ಕಾನೂನು. ಅದರೊಡನೆ ಒಂದು ಪುಟ್ಟ ಸ್ವಿಚ್ಚು ಇರುತ್ತದೆ. ಕಾರಿನ ಮೂತಿಯಲ್ಲಿ ಸ್ವಿಚ್ಚು, ಅದರಲ್ಲಿ ಒಂದು ಗೂಟ, ಗೂಟದಿಂದ ಮೋಟಾರು ಮನೆಗೆ ಕಟ್ಟಿದ ಸಣ್ಣ ಉಕ್ಕಿನ ಹಗ್ಗ. ದುರದೃಷ್ಟದಿಂದ ತೋಳೂ ಸರಪಳಿಯೂ ಕಿತ್ತುಹೋದರೆ, ಹಗ್ಗ ಗೂಟವನ್ನು ಸೆಳೆಯುತ್ತದೆ. ಗೂಟ ಕಳಚಿದೊಡನೆ ಸ್ವಿಚ್ಚು ಕೂಡಿಕೊಂಡು, ಚಾಲಕನಿಲ್ಲದ ಕಾರು ತನ್ನ ಬ್ರೇಕನ್ನು ತಾನೇ ಹಾಕಿಕೊಳ್ಳುತ್ತದೆ. ಹಗ್ಗವನ್ನು ತೋಳಿಗೆ ಕಟ್ಟಕೂಡದು, ಮನೆಯ ಚೌಕಟ್ಟಿಗೇ ಕಟ್ಟಬೇಕು. ತೋಳು ಕಾರಿನೊಡನೆಯೇ ಕಿತ್ತುಬಂದರೆ ಗೂಟ ಕಳಚುವುದೇ ಇಲ್ಲವಷ್ಟೆ.

ಈ ಬ್ರೇಕಿಗೆ ಬಲವೆಲ್ಲಿಂದ? ಬಹುಮಟ್ಟಿಗೆ ಕಾರಿನ ಅದೇ ಬ್ಯಾಟರಿಯಿಂದ! ಬೆಳಗಿನಿಂದ ಸದ್ದಿಲ್ಲದೆ ಇಳಿಯುತ್ತ ಬಂದ ಬ್ಯಾಟರಿ ಮಧ್ಯಾಹ್ನದ ಇಳಿಜಾರಿನಲ್ಲಿ ಕೈಕೊಟ್ಟರೆ ಗೂಟ ಕಳಚಿಯೂ ಫಲವಿಲ್ಲ. ಉಳಿತಾಯಕ್ಕೆಂದು ಬ್ಯಾಟರಿಯನ್ನು ಪೂರ್ತಿ ಬಿಚ್ಚಿಟ್ಟವರ ಪಾಡೂ ಇದೇ. ಬ್ರೇಕಿನ ತಂತಿಯನ್ನು ಬ್ಯಾಟರಿಗೆ ನೇರವಾಗಿ ಸೇರಿಸಿದ್ದಾದರೆ ಮಾತ್ರ ಬಚಾವು. ಮುಂದೆ ಕುಳಿತವರಿಗೆ ಇದರ ಸುಳಿವೂ ಹತ್ತುವುದಿಲ್ಲ. ಅಷ್ಟು ಭಾರದ ವಾಹನದಲ್ಲಿ, ಹಿಂದಿನ ಕಾರಿನ ಗಾಲಿ ಪಂಕ್ಚರಾದರೂ ಎಷ್ಟೋ ವೇಳೆ ಅರಿವಾಗುವುದಿಲ್ಲ.

ಅದಕ್ಕೇ ಬೆಳಗ್ಗೆ ಕ್ವಾರ್ಟ್ಸೈಟಿನ ಬಯಲಿನಲ್ಲಿ ಹೊರಡುವ ಮುನ್ನ ಒಂದು ನೋಟವನ್ನು ಕಾಣಬಹುದು. ಯಜಮಾನ ಚಕ್ರದ ಮುಂದೆ. ಯಜಮಾನಿ ಕಾರಿನ ಹಿಂದೆ, ಕೋಟಿನ ಜೇಬಿನಲ್ಲಿ ಕೈಯಿಟ್ಟುಕೊಂಡು. “ಎಡ”, “ಬಲ”, “ಬ್ರೇಕು” ಎಂದು ಅವನು ಕೂಗುತ್ತಾನೆ; ಅವಳು ತಲೆಯಾಡಿಸಿದ್ದು ಕನ್ನಡಿಯಲ್ಲಿ ಅವನಿಗೆ ಕಾಣುತ್ತದೆ. ಆಮೇಲೆ ಅವಳು ಮುಂದೆ ಬಂದು, ಬಗ್ಗಿ, ಗೂಟವನ್ನು ಕೈಯಾರೆ ಎಳೆದು ನೋಡುತ್ತಾಳೆ. ಕಾರಿನೊಳಗೆ ಯಾರ ಕಾಲೂ ತಾಗದೆ ಬ್ರೇಕಿನ ಪೆಡಲು ತಾನಾಗಿ ಕೆಳಗಿಳಿಯುತ್ತದೆ. ಗೂಟವನ್ನು ಮತ್ತೆ ಒತ್ತಿ ಕೂರಿಸಿ, ಕೈ ಒರೆಸಿಕೊಂಡು, ಅವಳು ಮನೆಯ ಮೆಟ್ಟಿಲು ಹತ್ತುತ್ತಾಳೆ.